ಅಪ್ಪನಿಗೆ ರುಜು ಹಾಕಿಕೊಟ್ಟ 11 ಪುಸ್ತಕಗಳು: ಮಾರುವುದೇ, ಇಟ್ಟುಕೊಳ್ಳುವುದೇ?

ಕೋಟೆಬೀದಿ (ಕೋಲಾರ)
ಎಲ್ಲರಿಗೂ ನಮಸ್ಕಾರ. ಕೋಲಾರದ ಕೋಟೆಯಲ್ಲಿದ್ದ ನಮ್ಮ ಹಳೆಯ ಮನೆ ಮಾರಾಟವಾಗಿದೆ. ತಿಂಗಳ ಕೊನೆಯೊಳಗೆ ಖಾಲಿ ಮಾಡಿಕೊಡಬೇಕು. ಪಾತ್ರೆ, ಮಂಚ, ಹಿತ್ತಾಳೆ ಕೊಳಗ ಎಲ್ಲವೂ ಮೂರು ಪಾಲಾದವು. ಇಬ್ಬರು ಅಣ್ಣಂದಿರು, ಕೊನೆಯವಳು ನಾನು. ಜಗಳವಿಲ್ಲದೆ ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಅಪ್ಪನ ಪುಸ್ತಕದ ಬೀರು ತೆರೆದೆವು.

ಅಪ್ಪ ಮಾಲೂರು ತಾಲ್ಲೂಕಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ಸಂಬಳ ಬಂದ ಮೇಲಿನ ಶನಿವಾರ ಬೆಂಗಳೂರಿನ ಬಸ್ಸು ಹತ್ತಿ, ಪುಸ್ತಕ ಕೊಂಡು, ಸಾಧ್ಯವಾದರೆ ಬರೆದವರ ಮನೆಗೇ ಹೋಗಿ ರುಜು ಹಾಕಿಸಿಕೊಂಡು ಬರುತ್ತಿದ್ದರು. ಬೀರುವಿನಲ್ಲಿ ಸುಮಾರು 600 ಪುಸ್ತಕಗಳಿವೆ. ರುಜು ಇರುವವು 11. ಮಾಸ್ತಿಯವರ ‘ಚಿಕವೀರ ರಾಜೇಂದ್ರ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’, ಗೌರಿಬಿದನೂರಿನ ಡಾ. ಎಚ್. ನರಸಿಂಹಯ್ಯನವರ ಆತ್ಮಕಥೆ ಇವುಗಳಲ್ಲಿ ಸೇರಿವೆ. ಎಲ್ಲವೂ ಮೊದಲ ಮುದ್ರಣ ಎಂದು ಅಪ್ಪ ಹೇಳುತ್ತಿದ್ದರು.

ಬೆಂಗಳೂರಿನ ಒಬ್ಬರು ಚಿತ್ರಗಳನ್ನು ನೋಡಿ ಹನ್ನೊಂದಕ್ಕೂ ಸೇರಿ 12,000 ರೂಪಾಯಿ ಕೊಡುತ್ತೇನೆ ಎಂದಿದ್ದಾರೆ. ದೊಡ್ಡಣ್ಣ ಕೊಟ್ಟುಬಿಡೋಣ, ತಲೆಗೆ ನಾಲ್ಕು ಸಾವಿರ ಬರುತ್ತದೆ ಎನ್ನುತ್ತಾನೆ. ಚಿಕ್ಕಣ್ಣ ಒಂದನ್ನೂ ಕೊಡಬಾರದು ಎನ್ನುತ್ತಾನೆ, ಆದರೆ ಅವನ ಮನೆಯಲ್ಲಿ ಇಡಲು ಜಾಗವಿಲ್ಲ. ಅಮ್ಮನಿಗೆ 84. ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನೆ ಕುಳಿತಿದ್ದಾರೆ. ತಿಳಿದವರು ಹೇಳಿ: ಈ ಬೆಲೆ ಸರಿಯೇ? ಅದಕ್ಕೂ ಮೊದಲು, ಇಂಥವನ್ನು ಮಾರಬಹುದೇ?

ಮಾಲೂರು_ಹೆಂಚು
ಮಾರಬೇಡಿ ಅಕ್ಕ. ಮಾಸ್ತಿ ನಮ್ಮ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದವರು. ಅವರ ಕೈಬರಹ ನಮ್ಮ ಜಿಲ್ಲೆ ಬಿಟ್ಟು ಹೋಗುತ್ತದೆ ಎಂದರೆ ಹೊಟ್ಟೆ ಉರಿಯುತ್ತದೆ.

ರೇಷ್ಮೆಗೂಡು (ಶಿಡ್ಲಘಟ್ಟ)
ಯಾಕೆ ಮಾರಬಾರದು? ಗಳಗನಾಥರು ತಾವು ಬರೆದ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಬರೆದವರಿಗೇ ಇಲ್ಲದ ಸಂಕೋಚ ಇಟ್ಟುಕೊಂಡವರಿಗೆ ಏಕೆ?

ನಮ್ಮ ಸೋದರಮಾವ ಪುಸ್ತಕ ಮಾರುವುದು ಪಾಪ ಎನ್ನುತ್ತಿದ್ದರು. ಎರಡು ಟ್ರಂಕು ತುಂಬ ಇಟ್ಟಿದ್ದರು, ಅಟ್ಟದ ಮೇಲೆ. ಅವರು ಹೋದ ಮೇಲೆ ಟ್ರಂಕು ಇಳಿಸಿದೆವು. ಮುಚ್ಚಳ ತೆಗೆದರೆ ಮೇಲಿನ ಸಾಲು ನೆಟ್ಟಗೆ ಕಂಡಿತು. ಒಂದನ್ನು ಎತ್ತಲು ಹೋದೆ. ರಟ್ಟು ಕೈಗೆ ಬಂತು, ಒಳಗೆಲ್ಲ ಬರೀ ಮಣ್ಣು. ಗೆದ್ದಲು ಟ್ರಂಕಿನ ತಳದ ತುಕ್ಕು ಹಿಡಿದ ತೂತಿನಿಂದ ಹತ್ತಿತ್ತು. ಅದರಲ್ಲಿ ಏನೇನಿತ್ತು ಎಂಬುದು ಇವತ್ತಿಗೂ ನಮಗೆ ತಿಳಿಯದು. ಆ ಪುಸ್ತಕಗಳನ್ನು ಯಾರಿಗಾದರೂ ಮಾರಿದ್ದರೆ ಎಲ್ಲೋ ಒಂದು ಮನೆಯಲ್ಲಿ ಬದುಕಿರುತ್ತಿದ್ದವು. ನಿಮ್ಮ ಚಿಕ್ಕಣ್ಣನಿಗೆ ಇದನ್ನು ಓದಿ ಹೇಳಿ.

ಹಳೇಪುಟ_ತುಮಕೂರು
ಅಮ್ಮಾ, ಮೂವತ್ತು ವರ್ಷದಿಂದ ಹಳೆಯ ಕನ್ನಡ ಪುಸ್ತಕ ಕೂಡಿಸುತ್ತಿದ್ದೇನೆ. ಮೊದಲು ಆ 12,000ಕ್ಕೆ ಹೂಂ ಎನ್ನಬೇಡಿ, ಮುಂಗಡವನ್ನೂ ಮುಟ್ಟಬೇಡಿ. ಸಗಟು ಬೆಲೆ ಹೇಳುವವರು ಸಾಮಾನ್ಯವಾಗಿ ಅದರಲ್ಲಿ ಎರಡೋ ಮೂರೋ ಪುಸ್ತಕಕ್ಕಾಗಿ ಬಂದಿರುತ್ತಾರೆ. ಉಳಿದವು ಕೊಸರು.

ಎರಡನೆಯದು, ಮೊದಲ ಮುದ್ರಣ ಎಂಬುದನ್ನು ಬಾಯಿಮಾತಿನಲ್ಲಿ ನಂಬಬೇಡಿ, ಅದು ತಂದೆಯವರ ಮಾತಾದರೂ ಸರಿ. ಶೀರ್ಷಿಕೆ ಪುಟದ ಹಿಂಬದಿ ನೋಡಿ. ‘ಮೊದಲನೆಯ ಮುದ್ರಣ’ ಎಂದು ಇಸವಿ ಕೊಟ್ಟು, ಕೆಳಗೆ ಬೇರೆ ಮುದ್ರಣದ ಸಾಲು ಇಲ್ಲದಿದ್ದರೆ ಸರಿ. ಎಷ್ಟೋ ಪುಸ್ತಕಗಳಲ್ಲಿ ‘ಪ್ರತಿಗಳು 1000’ ಎಂದೂ ಹಾಕಿರುತ್ತಾರೆ. ಆ ಹಾಳೆ ಹರಿದುಹೋಗಿದ್ದರೆ ಬೆಲೆ ನೋಡಿ. ‘2–8–0’ ಎಂದಿದ್ದರೆ ಎರಡು ರೂಪಾಯಿ ಎಂಟಾಣೆ, ಅಂದರೆ ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್‌ಗೆ ಹಿಂದಿನದು. ‘ನ.ಪೈ.’ (ನಯಾ ಪೈಸೆ) ಎಂದಿದ್ದರೆ 1957ರಿಂದ 1964ರ ನಡುವಿನದು. ಮುದ್ರಣಾಲಯದ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ಗಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಈ ನಾಲ್ಕು ನೋಡಿ ಬರೆಯಿರಿ.

ಗುಬ್ಬಿ_ಗ್ರಂಥಪಾಲಕಿ
ನಾನು ನಿವೃತ್ತ ಗ್ರಂಥಪಾಲಕಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ‘ಗ್ರಂಥಾಲಯಕ್ಕೆ ದಾನ ಮಾಡಿ’ ಎಂದೇ ಎನ್ನುತ್ತಾರೆ. ಅದಕ್ಕೆ ಮೊದಲೇ ಹೇಳುತ್ತೇನೆ. ದಾನ ಕೊಡುವ ಮುನ್ನ ಬರವಣಿಗೆಯಲ್ಲಿ ಕೇಳಿ: ಇವನ್ನು ಎರವಲು ವಿಭಾಗಕ್ಕೆ ಹಾಕುತ್ತೀರೋ, ಬೇರೆ ಬೀರುವಿನಲ್ಲಿ ಇಡುತ್ತೀರೋ? ಮೊಹರು ಎಲ್ಲಿ ಹಾಕುತ್ತೀರಿ? ಬೇಡವಾದ ದಿನ ಏನು ಮಾಡುತ್ತೀರಿ? ಮೊಹರನ್ನು ನೇರವಾಗಿ ರುಜುವಿನ ಮೇಲೆಯೇ ಒತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ನೇರಳೆ ಶಾಯಿ ಯಾವುದಕ್ಕೂ ಹೋಗುವುದಿಲ್ಲ.

ಮಾಲೂರು_ಹೆಂಚು
ದಾನ ಎಂದೇ ಬರೆಯಲು ಹೊರಟಿದ್ದೆ ಮೇಡಂ. ಮಾಸ್ತಿ ಗ್ರಾಮದಲ್ಲಿ ಅವರ ಮನೆಯನ್ನೇ ಗ್ರಂಥಾಲಯ ಮಾಡಿದ್ದಾರಲ್ಲ, ಅಲ್ಲಿಗೆ ಕೊಡಬಹುದಲ್ಲವೇ?

ಗುಬ್ಬಿ_ಗ್ರಂಥಪಾಲಕಿ
ಕೊಡಬಹುದು. ಹೋಗಿ ನೋಡಿ, ಬೀರುವಿಗೆ ಬೀಗವಿದೆಯೇ, ಮಳೆಗಾಲದಲ್ಲಿ ಗೋಡೆ ತೇವವಾಗುತ್ತದೆಯೇ ಎಂದು ಕೇಳಿ ಕೊಡಿ. ಎಲ್ಲಿಗೆ ಕೊಟ್ಟರೂ ಇದೇ ಮಾತು. ಮನೆಯಲ್ಲಿ ಮಗುವನ್ನು ಬಿಟ್ಟು ಹೋಗುವಾಗ ನೋಡಿಕೊಳ್ಳುವವರು ಯಾರು ಎಂದು ಕೇಳುವುದಿಲ್ಲವೇ?

ಕೋಟೆಬೀದಿ
ಇಷ್ಟು ಬೇಗ ಇಷ್ಟು ಉತ್ತರ! ರಾತ್ರಿ ಹನ್ನೊಂದನ್ನೂ ಚಾಪೆಯ ಮೇಲೆ ಹರಡಿಕೊಂಡು ನೋಡಿದೆ.

‘ಚಿಕವೀರ ರಾಜೇಂದ್ರ’ದಲ್ಲಿ 1956 ಎಂದಿದೆ, ಬೇರೆ ಸಾಲು ಇಲ್ಲ. ‘ಮದುಮಗಳು’ 1967. ಕಗ್ಗದ್ದು ಮೊದಲ ಎರಡು ಹಾಳೆ ಇಲ್ಲ, ರುಜು ಇರುವುದು ಮುನ್ನುಡಿಯ ಮೇಲ್ಭಾಗದಲ್ಲಿ. ಕಗ್ಗ 1943ರಲ್ಲಿ ಬಂದದ್ದು ಎಂದು ಅಪ್ಪ ಹೇಳುತ್ತಿದ್ದರು, ಹಾಗಾಗಿ ಇದೇ ಎಲ್ಲಕ್ಕಿಂತ ಹಳೆಯದು. ಹಿಂದಿನ ರಟ್ಟಿನ ಮೇಲೆ ಬೆಲೆಯ ಅಂಕಿ ಮಾಸಿದೆ, ಅದರ ಮುಂದೆ ‘ನ.ಪೈ.’ ಎಂದು ಓದಲು ಬರುತ್ತದೆ.

ಹಳೇಪುಟ_ತುಮಕೂರು
ನ.ಪೈ. ಇದ್ದ ಮೇಲೆ ಅದು 1943ರ ಪ್ರತಿ ಆಗಲಾರದು ಅಮ್ಮಾ. ಬೇಸರ ಮಾಡಿಕೊಳ್ಳಬೇಡಿ.

ಕೋಟೆಬೀದಿ
ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಅಪ್ಪ ಬೇಕೆಂದೇ ಸುಳ್ಳು ಹೇಳುವವರಲ್ಲ.

ಆದರೆ ಇನ್ನೊಂದು ವಿಷಯ. ಕಗ್ಗದ ನಡುವೆ ಒಂದು ಅಂಚೆ ಕಾರ್ಡು ಸಿಕ್ಕಿತು. 1949ರದು. ಕಗ್ಗದ ಒಂದು ಪದ್ಯದ ಅರ್ಥ ಕೇಳಿ ಅಪ್ಪ ಬರೆದಿದ್ದರಂತೆ, ಅದಕ್ಕೆ ಡಿವಿಜಿಯವರ ಉತ್ತರ. ಆರು ಸಾಲು. ಕೊನೆಯ ಸಾಲಿಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡಲಾಗಿ ಬರೆದು ಮುಗಿಸಿದ್ದಾರೆ. 1949ರಲ್ಲಿ ಅಪ್ಪನಿಗೆ 24 ವರ್ಷ. ಆಗಲೇ ಕಗ್ಗ ಓದಿದ್ದರು ಎಂದ ಮೇಲೆ ಮೊದಲ ಮುದ್ರಣವೂ ಇದ್ದಿರಲೇಬೇಕಲ್ಲ?

ಮುಳಬಾಗಿಲು_ಬಂಡೆ
ಡಿವಿಜಿ ನಮ್ಮೂರಿನವರು, 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು. ಅಕ್ಕ, ಆ ಕಾರ್ಡನ್ನು ಯಾರಿಗೂ ಕೊಡಬೇಡಿ. ಹಳ್ಳಿಯ ಮೇಷ್ಟರೊಬ್ಬರು ಪದ್ಯದ ಅರ್ಥ ಕೇಳಿದರೆ ಅವರು ಕುಳಿತು ಆರು ಸಾಲು ಉತ್ತರ ಬರೆದಿದ್ದಾರೆ. ಕಾರ್ಡು ತುಂಬಿದರೂ ನಿಲ್ಲಿಸದೆ ಅಂಚಿನಲ್ಲಿ ಬರೆದಿದ್ದಾರೆ. ಓದಿ ನನಗೆ ಕಣ್ಣು ತುಂಬಿತು.

ಹಳೇಪುಟ_ತುಮಕೂರು
ಕೊಳ್ಳುವವರಿಗೆ ಆ ಕಾರ್ಡಿನ ವಿಷಯ ಗೊತ್ತೇ?

ಕೋಟೆಬೀದಿ
ದೊಡ್ಡಣ್ಣ ಹೇಳಿಬಿಟ್ಟಿದ್ದಾನೆ. ‘ಅದು ಪುಸ್ತಕದ ಒಳಗಿದ್ದರೆ ಪುಸ್ತಕದ ಜೊತೆಗೇ ಬರಲಿ’ ಎಂದರಂತೆ.

ಹಳೇಪುಟ_ತುಮಕೂರು
ಅವರು ಬಂದದ್ದೇ ಅದಕ್ಕಾಗಿ. ಇವತ್ತೇ ಕಾರ್ಡನ್ನು ಪುಸ್ತಕದಿಂದ ತೆಗೆದು, ಎರಡು ಬಿಳಿಯ ಹಾಳೆಗಳ ನಡುವೆ ಇಟ್ಟು, ಬೇರೆ ಲಕೋಟೆಗೆ ಹಾಕಿ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೊಟೇಪ್ ಹತ್ತಿರವೂ ತರಬೇಡಿ. ಟೇಪಿನ ಅಂಟು ವರ್ಷಗಳ ಮೇಲೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ನಂದಿತಪ್ಪಲು (ಚಿಕ್ಕಬಳ್ಳಾಪುರ)
ವಕೀಲನಾಗಿ ಎರಡು ಮಾತು. ಒಂದು, 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಸಾಹಿತ್ಯಿಕ ಅಥವಾ ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದರೆ ಅವು ಪುರಾತನ ವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತವೆ. ಖಾಸಗಿಯವರು ಅಂಥದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. 1949ರ ಕಾರ್ಡಿಗೆ 75 ದಾಟಿದೆ. ಆದ್ದರಿಂದ ಹೊರದೇಶದಿಂದ ಹೆಚ್ಚಿನ ಬೆಲೆ ಬಂದರೂ ಆಸೆ ಪಡಬೇಡಿ.

ಎರಡು, ಕಾರ್ಡು ಎಂಬ ಕಾಗದ ನಿಮ್ಮದು. ಅದರ ಮೇಲಿನ ಬರಹದ ಹಕ್ಕು ಬರೆದವರ ವಾರಸುದಾರರದು. ಅಚ್ಚು ಹಾಕಿಸುವುದಾದರೆ ಅವರನ್ನು ಕೇಳಬೇಕು. ಪುಸ್ತಕಗಳಿಗೂ ಅಷ್ಟೇ, ಲೇಖಕರು ತೀರಿದ 60 ವರ್ಷದವರೆಗೆ ಹಕ್ಕು ಇರುತ್ತದೆ. ಮಾಸ್ತಿ ತೀರಿದ್ದು 1986ರಲ್ಲಿ, ಆದ್ದರಿಂದ 2046ರ ಕೊನೆಯವರೆಗೆ ಅವರ ಕೃತಿಯನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚುವಂತಿಲ್ಲ. ನಿಮ್ಮ ಮನೆಯ ದಾಖಲೆಗೆ ರುಜುವಿನ ಪುಟದ ಚಿತ್ರ ತೆಗೆದಿಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಚಾಂಪಿಯನ್‌ರೀಫ್
ಕೆಜಿಎಫ್‌ನಿಂದ. ನಮ್ಮ ಮನೆಯ ಮಾತು ತೆಲುಗು, ಬೀದಿಯ ಮಾತು ತಮಿಳು, ಓದಿದ್ದು ಕನ್ನಡ. ನನಗೆ ಕನ್ನಡ ಹತ್ತಿಸಿದ್ದು ನಿಮ್ಮ ತಂದೆಯಂಥ ಒಬ್ಬ ಮೇಷ್ಟರು. ತಮ್ಮ ಪುಸ್ತಕವನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿ ಕೊಡುತ್ತಿದ್ದರು, ಕೈ ತೊಳೆದು ಓದು ಎನ್ನುತ್ತಿದ್ದರು. ಇಲ್ಲಿ ರುಜುವಿನ ಮಾತಷ್ಟೇ ನಡೆಯುತ್ತಿದೆ. ಉಳಿದ 589 ಪುಸ್ತಕ ಏನಾಗುತ್ತವೆ? ತೂಕಕ್ಕೆ ಹಾಕುತ್ತೀರಾ?

ಕೋಟೆಬೀದಿ
ಖಂಡಿತ ಇಲ್ಲ. ಅಪ್ಪ ಕೆಲಸ ಮಾಡಿದ ಶಾಲೆಯವರು ಬಂದು ನೋಡಿ, ಮಕ್ಕಳಿಗೆ ಆಗುವ 200 ಆರಿಸಿಕೊಂಡು ಹೋಗಿದ್ದಾರೆ. ಉಳಿದದ್ದಕ್ಕೆ ನೀವು ಬನ್ನಿ, ನಿಮಗೆ ಬೇಕಾದದ್ದು ತೆಗೆದುಕೊಳ್ಳಿ. ದುಡ್ಡು ಬೇಡ.

ಚಾಂಪಿಯನ್‌ರೀಫ್
ಶನಿವಾರ ಬರುತ್ತೇನೆ ಅಕ್ಕ. ಕೈ ತೊಳೆದುಕೊಂಡೇ ಬರುತ್ತೇನೆ.

ರೇಷ್ಮೆಗೂಡು (ಶಿಡ್ಲಘಟ್ಟ)
ಅವರು ಕೇಳಿದ್ದು ಬೆಲೆ. ಎರಡು ದಿನವಾಯಿತು, ಒಬ್ಬರೂ ಬೆಲೆ ಹೇಳಲಿಲ್ಲ.

ಹಳೇಪುಟ_ತುಮಕೂರು
ಬೆಲೆಗೆ ಪಟ್ಟಿ ಇಲ್ಲ ಸ್ವಾಮಿ. ಅದೇ ಪುಸ್ತಕ, ಅದೇ ರುಜು, ಆದರೆ ಒಂದಕ್ಕೆ ಮೂಲ ರಕ್ಷಾಪುಟ ಇರುತ್ತದೆ, ಇನ್ನೊಂದನ್ನು ಮರುಬೈಂಡಿಂಗ್ ಮಾಡಿಸಿರುತ್ತಾರೆ, ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ನನ್ನ ಬಳಿಯಿರುವ ಒಂದು ಕವನ ಸಂಕಲನದ ಕಥೆ ಕೇಳಿ. ಹಿಂದಿನ ಮಾಲೀಕರು ಪ್ರೀತಿಯಿಂದ ಕ್ಯಾಲಿಕೋ ರಟ್ಟು ಹಾಕಿಸಿದ್ದರು. ಬೈಂಡರ್ ಮೂರು ಅಂಚನ್ನೂ ಕತ್ತರಿಯಂತ್ರಕ್ಕೆ ಕೊಟ್ಟಿದ್ದಾನೆ. ಕವಿಯ ರುಜು ಪುಟದ ತಳದಲ್ಲಿತ್ತು. ಈಗ ಅಕ್ಷರಗಳ ತಲೆ ಮಾತ್ರ ಉಳಿದಿದೆ, ದೇಹವೆಲ್ಲ ಕತ್ತರಿಗೆ ಹೋಗಿದೆ. ಅದಕ್ಕೇ ಹೇಳುತ್ತೇನೆ, ಮಾರುವ ಮೊದಲು ‘ಚೆಂದ ಮಾಡಿಸುತ್ತೇನೆ’ ಎಂದು ಹೊರಡಬೇಡಿ. ಧೂಳು ಒರೆಸಿ, ಅಷ್ಟು ಸಾಕು.

ರುಜು ನಿಜವೋ ಅಚ್ಚೋ ಎಂದೂ ನೋಡಿಕೊಳ್ಳಿ. ಬ್ಲಾಕ್ ಮಾಡಿಸಿ ರುಜುವನ್ನು ಮುದ್ರಿಸುವುದೂ ಇತ್ತು. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಶಾಯಿ ಪೆನ್ನಾದರೆ ಗೆರೆ ದಪ್ಪ ಸಣ್ಣ ಆಗುತ್ತದೆ, ಎದುರು ಪುಟಕ್ಕೆ ಮಸುಕಾಗಿ ಅಂಟಿರುವುದೂ ಉಂಟು. ಬಾಲ್ ಪೆನ್ನಾದರೆ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ, ಉಬ್ಬು ತಿಳಿಯುತ್ತದೆ.

ಕೋಟೆಬೀದಿ
ಎಲ್ಲವೂ ಶಾಯಿಯೇ. ಮಾಸ್ತಿಯವರದು ಎದುರು ಪುಟಕ್ಕೆ ತಿರುಗುಮುರುಗಾಗಿ ಅಂಟಿದೆ. ಅಪ್ಪ ಆರುವುದಕ್ಕೆ ಮೊದಲೇ ಮುಚ್ಚಿಬಿಟ್ಟಿರಬೇಕು. ಬಸ್ಸಿಗೆ ಹೊತ್ತಾಗಿತ್ತೋ ಏನೋ.

ಇವತ್ತು ಆ ಕೊಳ್ಳುವವರು ಮತ್ತೆ ಫೋನ್ ಮಾಡಿದ್ದರು. 15,000ಕ್ಕೆ ಏರಿಸಿದ್ದಾರೆ. ಆದರೆ ಒಂದು ಮಾತು ಕೇಳಿದರು: ‘ರುಜು ಇರಲಿ, ಮೇಲೆ ನಿಮ್ಮ ತಂದೆಯ ಹೆಸರು ಬರೆದಿರುವ ಸಾಲನ್ನು ಅಳಿಸಲು ಆಗುತ್ತದೆಯೇ? ಬರೀ ರುಜು ಇದ್ದರೆ ಮುಂದಕ್ಕೆ ಚೆನ್ನಾಗಿ ಹೋಗುತ್ತದೆ.’ ನಾನು ಫೋನ್ ಇಟ್ಟುಬಿಟ್ಟೆ. ಕೈ ನಡುಗುತ್ತಿತ್ತು.

ಮಾಲೂರು_ಹೆಂಚು
ಅವರ ನಂಬರನ್ನು ಅಳಿಸಿಹಾಕಿ ಅಕ್ಕ!

ಮುಳಬಾಗಿಲು_ಬಂಡೆ
ಮೇಷ್ಟರ ಹೆಸರು ಬರೆದದ್ದೂ ಅದೇ ಲೇಖಕರ ಕೈ. ಅದನ್ನು ಅಳಿಸಿದರೆ ಅವರ ಬರಹವನ್ನೇ ಅಳಿಸಿದಂತೆ.

ಹಳೇಪುಟ_ತುಮಕೂರು
ಇಂಥವರಿದ್ದಾರೆ. ಹೆಸರು ಯಾರಿಗೂ ಗೊತ್ತಿಲ್ಲದವರದಾದರೆ ಬೆಲೆ ತಗ್ಗುತ್ತದೆ ಎಂಬ ಲೆಕ್ಕ ಅವರದು. ಬ್ಲೇಡಿನಿಂದ ಕೆರೆದ ಪುಟಗಳು ನನ್ನ ಕೈಗೂ ಬಂದಿವೆ, ಬೆಳಕಿಗೆ ಹಿಡಿದರೆ ಆ ಜಾಗ ತೆಳ್ಳಗೆ ಕಾಣುತ್ತದೆ. ನನ್ನ ಲೆಕ್ಕವೇ ಬೇರೆ. ಹೆಸರಿದ್ದರೆ ಆ ಪುಸ್ತಕ ಯಾರಿಗೆ, ಯಾವ ಊರಿಗೆ, ಯಾವ ದಿನ ಹೋಯಿತು ಎಂದು ತಿಳಿಯುತ್ತದೆ. ಮಾಲೂರಿನ ಮೇಷ್ಟರೊಬ್ಬರು 1956ರಲ್ಲಿ ಅದನ್ನು ಕೊಂಡು ಓದಿದರು ಎಂಬುದೂ ಕನ್ನಡ ಸಾಹಿತ್ಯದ ಚರಿತ್ರೆಯೇ. ಓದಿದವರ ಹೆಸರನ್ನು ಇನ್ನೆಲ್ಲೂ ಬರೆದಿಟ್ಟಿರುವುದಿಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ)
ಮಾರಿ ಎಂದವನು ನಾನೇ. ಈಗಲೂ ಮಾರಿ ಎನ್ನುತ್ತೇನೆ, ಆದರೆ ಇವರಿಗಲ್ಲ.

ತೆಂಗಿನಗರಿ (ತಿಪಟೂರು)
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಜಿಲ್ಲೆಯ ಬಿ.ಎಂ.ಶ್ರೀ., ತೀ.ನಂ.ಶ್ರೀ. ಅವರ ಹಳೆಯ ಮುದ್ರಣಗಳನ್ನು ಹುಡುಕಿ ಕೂಡಿಸುತ್ತಿದ್ದೇನೆ. ಆ ಹನ್ನೊಂದರಲ್ಲಿ ನೀವು ಕೊಡಲು ಒಪ್ಪುವವು ಯಾವುವೋ ಅವನ್ನು ಹೆಸರಿನ ಸಾಲಿನ ಸಮೇತ ತೆಗೆದುಕೊಳ್ಳುತ್ತೇನೆ. ಬೆಲೆಯನ್ನು ‘ಹಳೇಪುಟ’ ಅವರೇ ಹೇಳಲಿ. ಕಾರ್ಡು ನನಗೆ ಬೇಡ, ಅದು ನಿಮ್ಮ ಮನೆಯದು.

ಹಳೇಪುಟ_ತುಮಕೂರು
ಹೇಳುತ್ತೇನೆ. ಬೆಲೆ ಹೇಳಿದವನು ಕೊಳ್ಳಬಾರದು, ಆದ್ದರಿಂದ ನಾನು ಯಾವುದನ್ನೂ ಕೇಳುವುದಿಲ್ಲ. ಅಮ್ಮಾ, ಪ್ರತಿಯೊಂದರ ರಟ್ಟು, ಬೆನ್ನು, ರುಜುವಿನ ಪುಟ, ಶೀರ್ಷಿಕೆ ಪುಟದ ಹಿಂಬದಿ, ಕೊನೆಯ ಪುಟ, ಇಷ್ಟರ ಚಿತ್ರ ಕಳುಹಿಸಿ. ಹುಳು ಕೊರೆದದ್ದನ್ನು ಮುಚ್ಚಿಡಬೇಡಿ.

ಕೋಟೆಬೀದಿ
ಭಾನುವಾರ ಮೂವರೂ ಸೇರಿದ್ದೆವು. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಹೆಸರು ಅಳಿಸುವ ಮಾತನ್ನು ನಾನು ಹೇಳಿದಾಗ ದೊಡ್ಡಣ್ಣನೂ ಬಿಲ್ಕುಲ್ ಆಗದು ಎಂದ. ಆದರೆ ಚಿಕ್ಕಣ್ಣ ‘ನಿನಗೆ ಅಪ್ಪನ ಪುಸ್ತಕದ ಬೆಲೆ ಗೊತ್ತಿಲ್ಲ’ ಎಂದಾಗ ಅವನಿಗೆ ಸಿಟ್ಟು ಬಂತು. ‘ನನಗೆ ಗೊತ್ತಿರುವಷ್ಟು ನಿಮಗಿಬ್ಬರಿಗೂ ಗೊತ್ತಿಲ್ಲ. ಅಪ್ಪ ಪುಸ್ತಕ ತಂದ ತಿಂಗಳು ನನ್ನ ಫೀಸು ತಡವಾಗುತ್ತಿತ್ತು. ತರಗತಿಯಲ್ಲಿ ಎದ್ದು ನಿಂತವನು ನಾನು’ ಎಂದ. ನಾವು ಹುಟ್ಟುವುದಕ್ಕೂ ಬುದ್ಧಿ ಬರುವುದಕ್ಕೂ ಮುಂಚಿನ ಮಾತು. ನಾವಿಬ್ಬರೂ ಅಮ್ಮನ ಮುಖ ನೋಡಿದೆವು. ಅಮ್ಮ ಅಷ್ಟು ದಿನದಲ್ಲಿ ಮೊದಲ ಬಾರಿ ಬಾಯಿ ಬಿಟ್ಟರು: ‘ಅವನು ಹೇಳುವುದು ನಿಜ.’

ಆಮೇಲೆ ಅಮ್ಮನೇ ಚಾಪೆಯ ಮೇಲೆ ಕುಳಿತು ಪುಸ್ತಕಗಳನ್ನು ಬೇರೆ ಮಾಡಿದರು. ‘ಮದುಮಗಳು’ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಅದರಲ್ಲಿ ಅಪ್ಪನ ಹೆಸರಿಲ್ಲ, ಅಮ್ಮನ ಹೆಸರಿದೆ. ಮದುವೆಯ ನಂತರ ದಸರಾಕ್ಕೆ ಮೈಸೂರಿಗೆ ಹೋದಾಗ ಬರೆಸಿದ್ದಂತೆ. ನಾನು ಹನ್ನೊಂದೂ ಅಪ್ಪನವು ಎಂದುಕೊಂಡಿದ್ದೆ, ಒಳಪುಟವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ‘ಇದು ನನ್ನದು, ಇದರಲ್ಲಿ ಪಾಲಿಲ್ಲ’ ಎಂದರು.

ಕಗ್ಗದ ವಿಷಯವೂ ತಿಳಿಯಿತು. 1949ರಲ್ಲಿ ಅಪ್ಪ ಓದಿದ್ದು ಶಾಲೆಯ ಪ್ರತಿಯನ್ನು. ಸ್ವಂತಕ್ಕೆ ಕೊಂಡದ್ದು ಮದುವೆಯಾದ ಮೇಲೆ. ಅಮ್ಮನಿಗೆ ಅದು ಚೆನ್ನಾಗಿ ನೆನಪಿದೆ. ಮೊದಲ ಮುದ್ರಣ ಎಂದು ಅಪ್ಪ ಹೇಳುತ್ತಿದ್ದದ್ದು ಶಾಲೆಯ ಆ ಪ್ರತಿಯ ಬಗ್ಗೆ. ನಾವು ಮಕ್ಕಳು ತಪ್ಪಾಗಿ ಕೇಳಿಸಿಕೊಂಡಿದ್ದೆವು.

ಕೊನೆಗೆ ಹೀಗಾಯಿತು. ‘ಮದುಮಗಳು’ ಅಮ್ಮನ ಬಳಿ. ಕಗ್ಗ ಮತ್ತು ಕಾರ್ಡು ನನ್ನ ಬಳಿ. ‘ಚಿಕವೀರ ರಾಜೇಂದ್ರ’ ಚಿಕ್ಕಣ್ಣನಿಗೆ, ಒಂದು ಪುಸ್ತಕಕ್ಕೆ ಅವನ ಮನೆಯಲ್ಲಿ ಜಾಗವಿದೆ. ನರಸಿಂಹಯ್ಯನವರ ಆತ್ಮಕಥೆಯನ್ನು ದೊಡ್ಡಣ್ಣ ತಾನೇ ಕೇಳಿ ತೆಗೆದುಕೊಂಡ. ಉಳಿದ ಏಳನ್ನು ತಿಪಟೂರಿನ ಮೇಷ್ಟರಿಗೆ ಕೊಟ್ಟೆವು, ‘ಹಳೇಪುಟ’ ಅವರು ಹೇಳಿದಂತೆ 16,500 ರೂಪಾಯಿಗೆ. ಹಣವನ್ನೆಲ್ಲ ದೊಡ್ಡಣ್ಣನಿಗೇ ಕೊಡೋಣ ಎಂದೆ. ಅವನು ಒಪ್ಪಲಿಲ್ಲ, ಮೂರನೆಯ ಒಂದು ಭಾಗವನ್ನಷ್ಟೇ ತೆಗೆದುಕೊಂಡ.

ತೆಂಗಿನಗರಿ (ತಿಪಟೂರು)
ಪುಸ್ತಕಗಳು ತಲುಪಿದವು ಮೇಡಂ. ಕಾರಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡೇ ತಂದೆವು. ಏಳರಲ್ಲೂ ಬರೆದದ್ದನ್ನು ನೋಟ್‌ಬುಕ್ಕಿನಲ್ಲಿ ಹಾಗೆಯೇ ಇಳಿಸಿಕೊಂಡಿದ್ದೇನೆ, ತಂದೆಯವರ ಹೆಸರು, ಊರು, ತಾರೀಖಿನ ಸಮೇತ. ಒಂದರಲ್ಲಿ ಅವರು ಗುರುತಿಗೆ ಇಟ್ಟ ಮಾಲೂರಿನ ಬಸ್ ಟಿಕೆಟ್ ಇತ್ತು. ಅಂಚೆಯಲ್ಲಿ ಕಳುಹಿಸಲೇ?

ಕೋಟೆಬೀದಿ
ಬೇಡ, ಅದು ಇದ್ದ ಪುಟದಲ್ಲಿಯೇ ಇರಲಿ.

ಗುಬ್ಬಿ_ಗ್ರಂಥಪಾಲಕಿ
ಟಿಕೆಟ್ಟನ್ನು ತೆಗೆದು ಪಕ್ಕದಲ್ಲಿ ಬಿಳಿ ಹಾಳೆಯಲ್ಲಿಡಿ, ಪುಟ ಸಂಖ್ಯೆ ಪೆನ್ಸಿಲಿನಲ್ಲಿ ಬರೆದಿಡಿ. ಆ ಕಾಗದದಿಂದ ಪುಟಕ್ಕೆ ಕಂದು ಕಲೆ ಹತ್ತುತ್ತದೆ.

ಮುಳಬಾಗಿಲು_ಬಂಡೆ
ಅಕ್ಕ, ಆ ಕಾರ್ಡನ್ನು ಒಮ್ಮೆ ಕಣ್ಣಿನಿಂದ ನೋಡಬೇಕು. ಕೋಲಾರಕ್ಕೆ ಬಂದರೆ ತೋರಿಸುತ್ತೀರಾ?

ಕೋಟೆಬೀದಿ
ಬನ್ನಿ. ಇಪ್ಪತ್ತೆಂಟಕ್ಕೆ ಮೊದಲು ಬಂದರೆ ಕೋಟೆಯ ಮನೆಯಲ್ಲಿಯೇ ತೋರಿಸುತ್ತೇನೆ.